ಆಲ್ಫೀ ಕೊನೆಗೂ ಪ್ರೀತಿಗೆ ಬಿದ್ದನೇ? 1966 ಮತ್ತು 1975ರ ಎರಡು ಬ್ರಿಟಿಷ್ ಸಿನಿಮಾಗಳನ್ನು ನೋಡುವ ಕ್ರಮ

ಹಳೆಯ ಬ್ರಿಟಿಷ್ ಸಿನಿಮಾಗಳ ಮಾತು ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. "ಹೆಣ್ಣುಬಾಕನೊಬ್ಬ ಕೊನೆಗೆ ನಿಜವಾಗಿ ಪ್ರೀತಿಗೆ ಬೀಳುವ ಸಿನಿಮಾ ಇದೆಯಂತೆ. ಹೆಸರು 'ಆಲ್ಫೀ' ಅಂತೆ. ಹುಡುಕಿದರೆ ಎರಡು ಮೂರು ಸಿಗುತ್ತವೆ. ಯಾವುದನ್ನು ನೋಡಬೇಕು?" ಇನ್ನು ಕೆಲವರು ನೋಡಲು ಕೂತು, ಮಾತು ಅರ್ಥವಾಗದೆ ಅರ್ಧಕ್ಕೇ ನಿಲ್ಲಿಸಿರುತ್ತಾರೆ. ಮತ್ತೆ ಕೆಲವರಿಗೆ ನಾಯಕನ ಮೇಲೆ ಸಿಟ್ಟು ಬಂದಿರುತ್ತದೆ. ಇಂಥವನ ಕಥೆ ನಾವ್ಯಾಕೆ ನೋಡಬೇಕು ಎಂದು ಕೇಳುತ್ತಾರೆ.

ಎಲ್ಲರಿಗೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ನನ್ನದು ಒಂದೇ ಒತ್ತಾಯ. ಆಲ್ಫೀ ಬಾಯಿತುಂಬ ಮಾತಾಡುತ್ತಾನೆ. ಅವನ ಮಾತು ಕೇಳಿ, ಆದರೆ ಕಣ್ಣನ್ನು ಅವನ ಎದುರಿಗಿರುವ ಹೆಂಗಸಿನ ಮುಖದ ಮೇಲೆ ಇಡಿ. ಕಥೆ ನಡೆಯುವುದು ಅಲ್ಲಿ. ಹೀಗೆ ನೋಡಿದರೆ ಸಿಟ್ಟು ಬಂದರೂ ಸಿನಿಮಾ ಕೈಬಿಡುವುದಿಲ್ಲ.

ಮುಂಚೆಯೇ ಒಂದು ಎಚ್ಚರಿಕೆ. ಐದನೇ ಹಂತದಿಂದ ಎಂಟನೇ ಹಂತದವರೆಗೆ ಕಥೆಯ ತಿರುವುಗಳನ್ನು ಬಿಡಿಸಿ ಹೇಳಿದ್ದೇನೆ, ಎರಡೂ ಚಿತ್ರಗಳ ಕೊನೆಯನ್ನೂ ಸೇರಿಸಿ. ಏನೂ ತಿಳಿಯದೆ ನೋಡಬೇಕು ಎನ್ನುವವರು ಮೊದಲ ನಾಲ್ಕು ಹಂತ ಓದಿ, ಸಿನಿಮಾ ಮುಗಿಸಿ, ಆಮೇಲೆ ವಾಪಸ್ ಬನ್ನಿ.

ಏನೇನು ಬೇಕು

ಎರಡು ಸಂಜೆ ಬಿಡುವು ಮಾಡಿಕೊಳ್ಳಿ. ಎರಡನ್ನೂ ಒಂದೇ ದಿನ ನೋಡಬೇಡಿ, ಯಾಕೆ ಎಂದು ಮುಂದೆ ಹೇಳುತ್ತೇನೆ. ಒಳ್ಳೆಯ ಇಂಗ್ಲಿಷ್ ಸಬ್‌ಟೈಟಲ್ ಬೇಕು. ಹೆಡ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು. ಮೊಬೈಲ್ ಪರದೆಯಲ್ಲಿ ನೋಡಬೇಡಿ. 1966ರ ಚಿತ್ರವನ್ನು ತೆಗೆದಿರುವುದು ಅಗಲವಾದ ಪರದೆಗೆ, ಚಿಕ್ಕದರಲ್ಲಿ ಮುಖಗಳೇ ಕಾಣುವುದಿಲ್ಲ.

1. ಮೊದಲು ಯಾವ ಆಲ್ಫೀ ಎಂದು ಗುರುತು ಹಿಡಿಯಿರಿ

ಮೂರು ಚಿತ್ರಗಳಿವೆ. ಹೆಸರಿಗಿಂತ ವರ್ಷ ಮತ್ತು ನಟನನ್ನು ನೋಡಿ ಹುಡುಕಿ.

ಮೊದಲನೆಯದು 1966ರ 'ಆಲ್ಫೀ'. ನಿರ್ದೇಶಕ ಲೂಯಿಸ್ ಗಿಲ್ಬರ್ಟ್, ನಾಯಕ ಮೈಕಲ್ ಕೇನ್. ಎರಡನೆಯದು 1975ರ 'ಆಲ್ಫೀ ಡಾರ್ಲಿಂಗ್'. ನಿರ್ದೇಶಕ ಕೆನ್ ಹ್ಯೂಸ್, ನಾಯಕ ಅಲನ್ ಪ್ರೈಸ್. ಇದೇ ಚಿತ್ರ ಅಮೆರಿಕದಲ್ಲಿ 'ಓ! ಆಲ್ಫೀ' ಎಂಬ ಹೆಸರಿನಲ್ಲಿ ಬಂತು. ಅದನ್ನು ಬೇರೆ ಸಿನಿಮಾ ಎಂದುಕೊಂಡು ಎರಡೆರಡು ಸಲ ದುಡ್ಡು ಕೊಡಬೇಡಿ. ಮೂರನೆಯದು 2004ರ 'ಆಲ್ಫೀ'. ಇದು ಅಮೆರಿಕದವರು ಮತ್ತೆ ತೆಗೆದದ್ದು, ನಾಯಕ ಜೂಡ್ ಲಾ.

ನೀವು ಕೇಳುತ್ತಿರುವ "ಹೆಣ್ಣುಬಾಕ ಪ್ರೀತಿಗೆ ಬೀಳುವ" ಕಥೆ ಎರಡನೆಯದು. ಹಾಗೆಂದು ನೇರವಾಗಿ ಅದಕ್ಕೇ ಹೋಗಬೇಡಿ. ಅವನು ಹಿಂದೆ ಏನೇನು ಮಾಡಿದ್ದಾನೆ ಎಂದು ಗೊತ್ತಿಲ್ಲದಿದ್ದರೆ, ಅವನು ಬದಲಾದಾಗ ನಿಮಗೆ ಏನೂ ಅನಿಸುವುದಿಲ್ಲ. 1966 ಮೊದಲು, 1975 ಆಮೇಲೆ. 2004ರದ್ದು ಕೊನೆಗೆ, ಮನಸ್ಸಿದ್ದರೆ.

ಈ ಪಾತ್ರವನ್ನು ಹುಟ್ಟಿಸಿದವರು ಬಿಲ್ ನಾಟನ್. ಐರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಬೋಲ್ಟನ್ ಊರಿನಲ್ಲಿ ಬೆಳೆದವರು. ನೇಕಾರರಾಗಿ, ಕಲ್ಲಿದ್ದಲು ಮೂಟೆ ತುಂಬುವವರಾಗಿ, ಲಾರಿ ಚಾಲಕರಾಗಿ ದುಡಿದು ಆಮೇಲೆ ಬರಹಗಾರರಾದರು. ಆಲ್ಫೀ ಮೊದಲು ಬಂದದ್ದು ರೇಡಿಯೊದಲ್ಲಿ, 1962ರಲ್ಲಿ, ಬಿಬಿಸಿ ನಾಟಕವಾಗಿ. 1963ರಲ್ಲಿ ಲಂಡನ್ನಿನ ಮರ್ಮೇಡ್ ಥಿಯೇಟರ್‌ನಲ್ಲಿ ರಂಗಕ್ಕೆ ಬಂತು. ಸಿನಿಮಾ ಆಮೇಲಿನದು. ಇದನ್ನು ಸುಮ್ನೆ ಹೇಳುತ್ತಿಲ್ಲ. ಆಲ್ಫೀ ಯಾಕೆ ಅಷ್ಟು ಮಾತಾಡುತ್ತಾನೆ, ಯಾಕೆ ನಮ್ಮ ಕಿವಿಯಲ್ಲೇ ಪಿಸುಗುಟ್ಟಿದಂತೆ ಅನಿಸುತ್ತದೆ ಎಂಬುದಕ್ಕೆ ಕಾರಣ ಅಲ್ಲಿದೆ. ಅವನು ರೇಡಿಯೊಕ್ಕೆಂದು ಹುಟ್ಟಿದ ದನಿ.

2. ಸರಿಯಾದ ಪ್ರತಿಯನ್ನು ಆರಿಸಿ

ಜಾಸ್ತಿ ಜನ ಎಡವುವುದು ಇಲ್ಲೇ.

ಚಿತ್ರದ ಅಳತೆ ನೋಡಿ. 1966ರ ಚಿತ್ರವನ್ನು ಟೆಕ್ನಿಸ್ಕೋಪ್ ಎಂಬ ವಿಧಾನದಲ್ಲಿ ತೆಗೆದರು. ಕಡಿಮೆ ಫಿಲಂ ಬಳಸಿ ಅಗಲವಾದ ಚಿತ್ರ ಪಡೆಯುವ ವಿಧಾನ ಅದು. ಅಗಲ ಎತ್ತರದ ಸುಮಾರು 2.35 ಪಟ್ಟು. ಹಳೆಯ ಟಿವಿ ಕಾಲದಲ್ಲಿ ಇಂಥ ಚಿತ್ರಗಳ ಎಡಬಲವನ್ನು ಕತ್ತರಿಸಿ, ಚೌಕದಂಥ ಪರದೆಗೆ ಹೊಂದಿಸುತ್ತಿದ್ದರು. ಇದಕ್ಕೆ ಪ್ಯಾನ್ ಅಂಡ್ ಸ್ಕ್ಯಾನ್ ಎನ್ನುತ್ತಾರೆ. ಅಂಥ ಪ್ರತಿ ಸಿಕ್ಕರೆ ಬಿಟ್ಟುಬಿಡಿ. ಈ ಚಿತ್ರದಲ್ಲಿ ಆಲ್ಫೀ ಒಂದು ತುದಿಯಲ್ಲಿ ನಿಂತು ನಮ್ಮ ಹತ್ತಿರ ಮಾತಾಡುವಾಗ ಇನ್ನೊಂದು ತುದಿಯಲ್ಲಿ ಹೆಂಗಸು ಇರುತ್ತಾಳೆ. ಕತ್ತರಿಸಿದ ಪ್ರತಿಯಲ್ಲಿ ಹೋಗುವುದು ಅವಳೇ. ಪರದೆಯ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಗಾಬರಿ ಬೇಡ, ಅದೇ ಸರಿಯಾದ ಪ್ರತಿ. ಟಿವಿಯ ರಿಮೋಟಿನಲ್ಲಿ ಜೂಮ್ ಒತ್ತಿ ಆ ಪಟ್ಟಿಗಳನ್ನು ತುಂಬಿಸಲು ಹೋಗಬೇಡಿ.

ಅವಧಿ ನೋಡಿ. 1966ರ ಚಿತ್ರ 114 ನಿಮಿಷ. "ನನ್ನ ಡಿವಿಡಿಯಲ್ಲಿ ಸುಮಾರು 109 ನಿಮಿಷ ಇದೆ, ದೃಶ್ಯ ಕತ್ತರಿಸಿದ್ದಾರಾ?" ಎಂದು ಕೇಳುವವರಿದ್ದಾರೆ. ಬ್ರಿಟನ್ ಮತ್ತು ಭಾರತ ಎರಡೂ ಕಡೆ ಹಳೆಯ ಟಿವಿ ಪದ್ಧತಿ ಪಾಲ್ ಆಗಿತ್ತು, ಡಿವಿಡಿಗಳೂ ಅದಕ್ಕೇ ಹೊಂದಿಸಿದವು. ಸಿನಿಮಾ ಸೆಕೆಂಡಿಗೆ 24 ಚಿತ್ರ ಓಡುತ್ತದೆ, ಪಾಲ್‌ನಲ್ಲಿ 25. ಹಾಗಾಗಿ ಎಲ್ಲವೂ ಶೇಕಡ 4ರಷ್ಟು ಬೇಗ ಮುಗಿಯುತ್ತದೆ. ಏನನ್ನೂ ಕತ್ತರಿಸಿಲ್ಲ, ಬರೀ ವೇಗ. ಅವಧಿ 100 ನಿಮಿಷಕ್ಕಿಂತ ಕಡಿಮೆ ಇದ್ದರೆ ಮಾತ್ರ ಅನುಮಾನಿಸಿ.

ಡಿಸ್ಕ್ ತರಿಸುವವರು ರೀಜನ್ ಕೋಡ್ ನೋಡಿ. ಯಾವ ದೇಶದ ಯಂತ್ರದಲ್ಲಿ ಡಿಸ್ಕ್ ಓಡಬೇಕು ಎಂದು ತಯಾರಕರು ಹಾಕುವ ಬೀಗ ಅದು. ಡಿವಿಡಿಯಲ್ಲಿ ಬ್ರಿಟನ್ 2, ಭಾರತ 5. ಬ್ಲೂ-ರೇಯಲ್ಲಿ ಬ್ರಿಟನ್ ಬಿ, ಭಾರತ ಸಿ. ಲಂಡನ್ನಿನಲ್ಲಿರುವ ಮಗಳೋ ಅಳಿಯನೋ ಪ್ರೀತಿಯಿಂದ ತಂದುಕೊಟ್ಟ ಡಿಸ್ಕ್ ಬೆಂಗಳೂರಿನ ಯಂತ್ರದಲ್ಲಿ ಓಡದಿರಲು ಇದೇ ಕಾರಣ. ಎಲ್ಲ ರೀಜನ್ ಓಡಿಸುವ ಪ್ಲೇಯರ್ ಇದೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ.

ಆನ್‌ಲೈನಿನಲ್ಲಿ ನೋಡುವವರು ಬಾಡಿಗೆಗೋ ಖರೀದಿಗೋ ಇದೆಯೇ ಎಂದು ಅಧಿಕೃತ ಸೇವೆಗಳಲ್ಲಿ ಹುಡುಕಿ. ಇವತ್ತು ಇದ್ದದ್ದು ಮುಂದಿನ ತಿಂಗಳು ಇರುವುದಿಲ್ಲ, ಹಾಗಾಗಿ ಸೇವೆಗಳ ಹೆಸರು ಹೇಳುತ್ತಿಲ್ಲ. ದುಡ್ಡು ಕೊಡುವ ಮೊದಲು ಟ್ರೇಲರ್ ಒತ್ತಿ ನಟನ ಮುಖ ನೋಡಿಕೊಳ್ಳಿ. 1966ರದ್ದು ಎಂದುಕೊಂಡು 2004ರದ್ದನ್ನು ಕೊಂಡವರು ಬಹಳ ಮಂದಿ.

3. ಕಿವಿಯನ್ನು ಹದ ಮಾಡಿಕೊಳ್ಳಿ

ಆಲ್ಫೀ ಮಾತಾಡುವುದು ಕಾಕ್ನಿ. ಲಂಡನ್ನಿನ ದುಡಿಯುವ ಜನರ ಆಡುಮಾತು ಅದು. ಮೈಕಲ್ ಕೇನ್ ಇದನ್ನು ಪಾತ್ರಕ್ಕಾಗಿ ಕಲಿತದ್ದಲ್ಲ. ಅವರ ತಂದೆ ಬಿಲ್ಲಿಂಗ್ಸ್‌ಗೇಟ್ ಮೀನು ಮಾರುಕಟ್ಟೆಯಲ್ಲಿ ಹಮಾಲಿ. ಕೇನ್ ಅದೇ ಮಾತಿನ ನಡುವೆ ಬೆಳೆದವರು. ಅದಕ್ಕೇ ಅಷ್ಟು ಸಲೀಸು, ಅದಕ್ಕೇ ಅಷ್ಟು ವೇಗ.

ನಾಲ್ಕು ಸಂಗತಿ ಗೊತ್ತಿದ್ದರೆ ಅರ್ಧ ದಾರಿ ಸಾಗಿದಂತೆ. ಪದದ ಮೊದಲಿನ 'ಹ' ಬಿದ್ದುಹೋಗುತ್ತದೆ: ಹೌಸ್ ಎನ್ನುವುದು ಔಸ್. 'ಥ' ಹಲವು ಸಲ 'ಫ' ಆಗುತ್ತದೆ: ಥಿಂಕ್ ಎನ್ನುವುದು ಫಿಂಕ್. ಪದದ ನಡುವಿನ 'ಟ' ಗಂಟಲಲ್ಲೇ ನುಂಗಿಹೋಗುತ್ತದೆ. 'ಏ' ಸ್ವರ 'ಐ' ಕಡೆಗೆ ವಾಲುತ್ತದೆ: ಟುಡೇ ಎನ್ನುವುದು ಟುಡೈ ಎಂದು ಕೇಳಿಸಬಹುದು.

ಪದಗಳಲ್ಲಿ ಕೆಲವು ಮಾತ್ರ ಸಾಕು. ಬರ್ಡ್ ಅಂದರೆ ಹುಡುಗಿ. ಬ್ಲೋಕ್ ಅಂದರೆ ಗಂಡಸು. ಮೇಟ್ ಅಂದರೆ ಗೆಳೆಯ. ಕ್ವಿಡ್ ಅಂದರೆ ಪೌಂಡ್. ದುಡ್ಡಿನ ವಿಷಯ ಬಂದಾಗ ನೆನಪಿಡಿ: 1971ರ ಫೆಬ್ರವರಿವರೆಗೆ ಅಲ್ಲಿ ಒಂದು ಪೌಂಡಿಗೆ 20 ಶಿಲ್ಲಿಂಗ್, ಒಂದು ಶಿಲ್ಲಿಂಗಿಗೆ 12 ಪೆನ್ಸ್. ನಮ್ಮಲ್ಲಿ 1957ಕ್ಕೆ ಮುಂಚೆ ರೂಪಾಯಿಗೆ 16 ಆಣೆ ಇದ್ದ ಲೆಕ್ಕದ ಥರ.

ಸಬ್‌ಟೈಟಲ್ ಆರಿಸುವಾಗ ಕಿವಿ ಮಂದ ಇರುವವರಿಗೆಂದು ಮಾಡಿದ ಪಟ್ಟಿ ಇದ್ದರೆ ಅದನ್ನೇ ಹಾಕಿ. ಯಾರು ಮಾತಾಡುತ್ತಿದ್ದಾರೆ ಎಂದೂ ಅದರಲ್ಲಿ ಬರುತ್ತದೆ. ಯಂತ್ರವೇ ಕೇಳಿ ಬರೆದ ಸಬ್‌ಟೈಟಲ್ ಬೇಡ, ಕಾಕ್ನಿ ಮುಂದೆ ಅದು ಸೋಲುತ್ತದೆ. ಮೊದಲ ಹತ್ತು ನಿಮಿಷ ಕಷ್ಟ, ಆಮೇಲೆ ಕಿವಿ ಒಗ್ಗುತ್ತದೆ. ಆ ಹತ್ತು ನಿಮಿಷದಲ್ಲಿ ನಿಲ್ಲಿಸಬೇಡಿ.

4. ಕಾಲವನ್ನು ಸ್ವಲ್ಪ ತಿಳಿದುಕೊಳ್ಳಿ

ಎರಡು ವಿಷಯ ತಿಳಿದಿರಲೇಬೇಕು, ಇಲ್ಲದಿದ್ದರೆ ಪಾತ್ರಗಳು ಯಾಕೆ ಹಾಗೆ ಹೆದರುತ್ತವೆ ಎಂದೇ ಗೊತ್ತಾಗುವುದಿಲ್ಲ.

ಒಂದು, ಕ್ಷಯ. ಕಥೆಯಲ್ಲಿ ಸ್ಯಾನಟೋರಿಯಂ ಬರುತ್ತದೆ. ಕ್ಷಯದವರನ್ನು ತಿಂಗಳುಗಟ್ಟಲೆ ಇರಿಸಿ, ಔಷಧ, ಗಾಳಿ, ವಿಶ್ರಾಂತಿ ಕೊಡುತ್ತಿದ್ದ ಆಸ್ಪತ್ರೆ ಅದು.

ಎರಡು, ಗರ್ಭಪಾತ. ಸಿನಿಮಾ ಬಂದಾಗ ಬ್ರಿಟನ್‌ನಲ್ಲಿ ಗರ್ಭಪಾತ ಬಹುಮಟ್ಟಿಗೆ ಅಪರಾಧವಾಗಿತ್ತು. ಕಾನೂನು ಬದಲಾದದ್ದು 1967ರಲ್ಲಿ, ಜಾರಿಗೆ ಬಂದದ್ದು 1968ರ ಏಪ್ರಿಲ್‌ನಲ್ಲಿ. ಸಿನಿಮಾ ತೆರೆಗೆ ಬಂದ ಹೊತ್ತಿನಲ್ಲಿ ಅಲ್ಲಿ ಈ ವಿಷಯದ ಚರ್ಚೆ ಬಿಸಿಯಾಗಿತ್ತು. ಹಾಗಾಗಿ ಚಿತ್ರದಲ್ಲಿ ಗರ್ಭ ತೆಗೆಯುವ ವ್ಯಕ್ತಿ ಕದ್ದುಮುಚ್ಚಿ ಬರುತ್ತಾನೆ, ತಗ್ಗಿದ ದನಿಯಲ್ಲಿ ಮಾತಾಡುತ್ತಾನೆ, ಕೆಲಸ ಮುಗಿಸಿ ಹೊರಟುಬಿಡುತ್ತಾನೆ. ನಮ್ಮ ದೇಶದಲ್ಲೂ ಈ ಕಾನೂನು ಬಂದದ್ದು 1971ರಲ್ಲೇ ಅಲ್ವಾ.

ಚಿತ್ರಕ್ಕೆ ಅಲ್ಲಿ ಎಕ್ಸ್ ಸರ್ಟಿಫಿಕೇಟ್ ಸಿಕ್ಕಿತು. ಆಗ ಅದರ ಅರ್ಥ 16 ವರ್ಷ ತುಂಬದವರಿಗೆ ಪ್ರವೇಶವಿಲ್ಲ ಎಂದು. ಇವತ್ತಿನ ಕಣ್ಣಿಗೆ ಹಸಿಹಸಿ ದೃಶ್ಯಗಳು ಏನೂ ಇಲ್ಲ. ಆದರೂ ಮನೆಮಂದಿಯನ್ನೆಲ್ಲ, ಚಿಕ್ಕ ಮಕ್ಕಳನ್ನೂ ಕೂರಿಸಿಕೊಂಡು ನೋಡುವ ಸಿನಿಮಾ ಇದಲ್ಲ. ಗರ್ಭ ಕಳೆದುಕೊಂಡ ನೋವು ಇರುವವರಿಗೆ ಮೊದಲೇ ತಿಳಿಸಿ.

5. 1966ರ ಚಿತ್ರ: ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿ

ಈ ಹಂತವೇ ಮುಖ್ಯ. ಇಲ್ಲಿ ಅವಸರ ಬೇಡ.

ರಾತ್ರಿ. ಆವಿ ಕಟ್ಟಿದ ಗಾಜಿನ ಕಾರು. ಅದರೊಳಗಿಂದ ಆಲ್ಫೀ ಇಳಿದು ಬಂದು ನೇರವಾಗಿ ನಮ್ಮನ್ನೇ ನೋಡಿ ಮಾತು ಶುರುಮಾಡುತ್ತಾನೆ. ಹೆಸರುಗಳ ಪಟ್ಟಿಗೆ ಕಾಯಬೇಡಿ, ಅದು ಈಗ ಬರುವುದಿಲ್ಲ ಎನ್ನುತ್ತಾನೆ. ಇದನ್ನು ರಂಗಭೂಮಿಯವರು ನಾಲ್ಕನೇ ಗೋಡೆ ಒಡೆಯುವುದು ಎನ್ನುತ್ತಾರೆ. ರಂಗದ ಮೂರು ಕಡೆ ಗೋಡೆ ಇರುತ್ತದೆ. ನಾಲ್ಕನೆಯದು ನೋಡುವವರ ಕಡೆಗಿರುವ ಕಾಣದ ಗೋಡೆ. ಪಾತ್ರ ನಮ್ಮ ಜೊತೆ ಮಾತಾಡಿದರೆ ಆ ಗೋಡೆ ಇಲ್ಲವಾಗುತ್ತದೆ.

ಇಲ್ಲಿ ಎಲ್ಲರೂ ಸಿಕ್ಕಿಬೀಳುವ ತಪ್ಪೊಂದಿದೆ. ಅವನು ನಮ್ಮನ್ನು ಗುಟ್ಟಿನ ಗೆಳೆಯರನ್ನಾಗಿ ಮಾಡಿಕೊಳ್ಳುತ್ತಾನೆ. ನಗಿಸುತ್ತಾನೆ. ನಕ್ಕವರು ಅವನ ಪಕ್ಷ ಸೇರಿಬಿಡುತ್ತಾರೆ. ಸಿನಿಮಾ ಅವನ ಪರ ಇದೆ ಎಂದು ನಂಬುತ್ತಾರೆ. ಕೆಲವರು ಸಿಟ್ಟಾಗಿ ಎದ್ದುಹೋಗುವುದೂ ಇದೇ ಕಾರಣಕ್ಕೆ. ಆದರೆ ಅವನ ಮಾತು ಒಂದು ಹೇಳಿದರೆ ಕ್ಯಾಮೆರಾ ಇನ್ನೊಂದನ್ನು ತೋರಿಸುತ್ತಿರುತ್ತದೆ. ಹೆಂಗಸರನ್ನು ಅವನು ಹಲವು ಸಲ 'ಅದು' ಎಂದು ಕರೆಯುತ್ತಾನೆ. ಪ್ರತಿಸಲವೂ ಆ 'ಅದು' ಏನು ಮಾಡುತ್ತಿದೆ ಎಂದು ನೋಡಿ. ಅಡುಗೆ ಮಾಡುತ್ತಿರುತ್ತದೆ, ಅಳು ನುಂಗುತ್ತಿರುತ್ತದೆ, ಅವನಿಗಿಂತ ಚೆನ್ನಾಗಿ ಯೋಚಿಸುತ್ತಿರುತ್ತದೆ.

ಸಿಡ್ಡಿ (ಮಿಲಿಸೆಂಟ್ ಮಾರ್ಟಿನ್) ಮದುವೆಯಾದವಳು. ಕಾರಿನಲ್ಲಿದ್ದವಳು ಅವಳೇ. ಅವಳ ನಗುವನ್ನು ನೆನಪಿಟ್ಟುಕೊಳ್ಳಿ, ಚಿತ್ರದ ಕೊನೆಯಲ್ಲಿ ಮತ್ತೆ ಸಿಗುತ್ತಾಳೆ.

ಗಿಲ್ಡಾ (ಜೂಲಿಯಾ ಫಾಸ್ಟರ್) ಮೇಲೆ ಜಾಸ್ತಿ ಗಮನ ಕೊಡಿ. ಅವಳಿಗೆ ಇವನು ಬೇಕು, ಆದರೆ ಕೇಳುವುದಿಲ್ಲ. ಅವಳು ಬಸುರಾಗುತ್ತಾಳೆ, ಗಂಡುಮಗು ಹುಟ್ಟುತ್ತದೆ, ಹೆಸರು ಮ್ಯಾಲ್ಕಮ್. ಮದುವೆಗೆ ಆಲ್ಫೀ ಒಪ್ಪುವುದಿಲ್ಲ. ಮಗುವಿನ ಮೇಲೆ ಮಾತ್ರ ಅವನಿಗೇ ಗೊತ್ತಿಲ್ಲದಂತೆ ಪ್ರೀತಿ ಬೆಳೆಯುತ್ತದೆ. ಇನ್ನೊಂದು ಕಡೆ ಹಂಫ್ರಿ (ಗ್ರಹಾಂ ಸ್ಟಾರ್ಕ್) ಇದ್ದಾನೆ. ಬಸ್ ಕಂಡಕ್ಟರ್. ನೋಡಲು ಏನೂ ವಿಶೇಷವಿಲ್ಲ, ಆದರೆ ಗಿಲ್ಡಾಳನ್ನೂ ಮಗುವನ್ನೂ ಸೇರಿಸಿಯೇ ಒಪ್ಪಿಕೊಳ್ಳುವ ಮನುಷ್ಯ. ಗಿಲ್ಡಾ ಅವನನ್ನು ಮದುವೆಯಾಗುತ್ತಾಳೆ. ಈ ನಿರ್ಧಾರದ ಮುಂದೆ ಆಲ್ಫೀಯ ಮಾತುಗಾರಿಕೆ ನಡೆಯುವುದಿಲ್ಲ. ಇಡೀ ಚಿತ್ರದಲ್ಲಿ ಆಲ್ಫೀ ನಿಜವಾಗಿ ಪ್ರೀತಿಸಿದ್ದು ಯಾರನ್ನು ಎಂದು ನನ್ನನ್ನು ಕೇಳಿದರೆ, ಮ್ಯಾಲ್ಕಮ್ ಎನ್ನುತ್ತೇನೆ. ಹೆಂಗಸರನ್ನಲ್ಲ, ಆ ಮಗುವನ್ನು. ಆ ಮಗು ಕೈತಪ್ಪಿದ ಮೇಲೆ ಅವನು ಮೊದಲಿನವನಲ್ಲ, ತಾನು ಮೊದಲಿನವನೇ ಎಂದು ಅವನು ಹೇಳಿಕೊಂಡರೂ.

ಆನಂತರ ಎಕ್ಸ್-ರೇಯಲ್ಲಿ ಶ್ವಾಸಕೋಶದ ಮೇಲೆ ನೆರಳು ಕಾಣುತ್ತದೆ. ಅದನ್ನು ಹೇಳುವ ವೈದ್ಯೆ ಎಲಿನಾರ್ ಬ್ರಾನ್. ಅವನು ನಡುಗಿಹೋಗುವುದನ್ನು ನಾವು ಮೊದಲ ಸಲ ನೋಡುವುದು ಇಲ್ಲಿ. ಸ್ಯಾನಟೋರಿಯಂನಲ್ಲಿ ಪಕ್ಕದ ಹಾಸಿಗೆಯ ಹ್ಯಾರಿ (ಆಲ್ಫೀ ಬಾಸ್) ಪರಿಚಯವಾಗುತ್ತಾನೆ. ಹ್ಯಾರಿಯನ್ನು ನೋಡಲು ಹೆಂಡತಿ ಲಿಲಿ (ವಿವಿಯನ್ ಮರ್ಚೆಂಟ್) ಬರುತ್ತಾಳೆ. ಸಂಕೋಚದ, ಮಾತು ಕಡಿಮೆಯ, ಸಂಸಾರಸ್ಥೆ. ಅವಳನ್ನು ಮರೆಯಬೇಡಿ.

ಆನಿ (ಜೇನ್ ಆಶರ್) ಇಂಗ್ಲೆಂಡಿನ ಉತ್ತರದಿಂದ ಮನೆಬಿಟ್ಟು ಬಂದ ಚಿಕ್ಕ ಹುಡುಗಿ. ಇವನ ಮನೆಯಲ್ಲಿ ನೆಲ ತಿಕ್ಕುತ್ತಾಳೆ, ಕಡುಬಿನ ಥರದ ಮಾಂಸದ ಪೈ ಬೇಯಿಸಿ ಹಾಕುತ್ತಾಳೆ. ಅವಳ ಮನಸ್ಸು ಬೇರೊಬ್ಬನ ಹತ್ತಿರ ಇದೆ ಎಂದು ಗೊತ್ತಾದಾಗ ಆಲ್ಫೀ ಸಿಡಿಯುತ್ತಾನೆ. ಅವಳು ಹೋದಮೇಲೆ ಬೇಕಿತ್ತು ಅನಿಸುತ್ತದೆ. ಈ ಭಾಗ ಸ್ವಲ್ಪ ಎಳೆದಂತೆ ಅನಿಸಬಹುದು, ತಾಳ್ಮೆಯಿಂದ ನೋಡಿ.

ರೂಬಿ (ಶೆಲ್ಲಿ ವಿಂಟರ್ಸ್) ಅಮೆರಿಕದವಳು, ದುಡ್ಡಿದ್ದವಳು, ವಯಸ್ಸಿನಲ್ಲಿ ಇವನಿಗಿಂತ ದೊಡ್ಡವಳು. ಇವನು ಹೆಂಗಸರನ್ನು ನೋಡುವ ಹಾಗೆಯೇ ಅವಳು ಗಂಡಸರನ್ನು ನೋಡುತ್ತಾಳೆ. ಕೊನೆಗೆ ನೆಲೆ ನಿಲ್ಲೋಣ ಎಂದುಕೊಂಡು ಹೂವು ಹಿಡಿದು ಅವಳ ಮನೆಗೆ ಹೋದರೆ ಅಲ್ಲಿ ಇನ್ನೊಬ್ಬನಿದ್ದಾನೆ. ಅವನಲ್ಲಿ ಏನಿದೆ ನನ್ನಲ್ಲಿಲ್ಲದ್ದು ಎಂದು ಕೇಳುತ್ತಾನೆ. ಅವನು ನಿನಗಿಂತ ಚಿಕ್ಕವನು ಎನ್ನುತ್ತಾಳೆ ರೂಬಿ. ಆ ಕ್ಷಣ ಕೇನ್ ಮುಖ ನೋಡಿ. ಅಷ್ಟು ಮಾತಿನ ಮನುಷ್ಯನಿಗೆ ಮಾತು ಹೊರಡುವುದಿಲ್ಲ.

ಕಥೆಯ ಈ ಜಾಗಕ್ಕೆ ಬಂದಾಗ ಪಕ್ಕದವರು "ಸರಿಯಾದ ಶಾಸ್ತಿ ಆಯಿತು" ಎನ್ನುತ್ತಾರೆ. ಅಷ್ಟಕ್ಕೇ ನಿಲ್ಲಿಸಬೇಡಿ. ಶಾಸ್ತಿ ಆಗಿದೆ, ಆದರೆ ಅವನಿಗೆ ಏನು ತಿಳಿಯಿತು ಎಂಬುದನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ. ತನ್ನ ಬಾಳಿನ ಅರ್ಥವೇನು ಎಂದು ಅವನು ನಮ್ಮನ್ನೇ ಕೇಳಿ ಹೊರಟುಬಿಡುತ್ತಾನೆ.

6. ಕಷ್ಟದ ದೃಶ್ಯವನ್ನು ಹಾರಿಸಬೇಡಿ

ಲಿಲಿ ಆಲ್ಫೀಯಿಂದ ಬಸುರಾಗುತ್ತಾಳೆ. ಗಂಡ ಇನ್ನೂ ಆಸ್ಪತ್ರೆಯಲ್ಲಿದ್ದಾನೆ. ಆಲ್ಫೀಯ ಮನೆಗೇ ಗರ್ಭ ತೆಗೆಯುವ ವ್ಯಕ್ತಿಯನ್ನು ಕರೆಸುತ್ತಾರೆ. ಆ ಪಾತ್ರ ಡೆನ್ಹಮ್ ಎಲಿಯಟ್ ಅವರದು.

ಈ ದೃಶ್ಯಕ್ಕೆ ಬಂದಾಗ ಹಲವರು ರಿಮೋಟ್ ಎತ್ತಿಕೊಳ್ಳುತ್ತಾರೆ. ದಯವಿಟ್ಟು ಬೇಡ. ರಕ್ತವಿಲ್ಲ, ಭೀಕರವಾದ ಏನನ್ನೂ ತೋರಿಸುವುದಿಲ್ಲ. ಎಲ್ಲವೂ ಒಂದು ಪರದೆಯ ಆಚೆ, ಒಂದು ಮುಖದ ಮೇಲೆ ನಡೆಯುತ್ತದೆ. ಆಮೇಲೆ ಆಲ್ಫೀ ಏನನ್ನು ನೋಡಿದ ಎನ್ನುವುದನ್ನು ಅವನ ಕಣ್ಣಲ್ಲಿ ಮಾತ್ರ ನೋಡುತ್ತೇವೆ. ಅದುವರೆಗೆ ಕ್ಯಾಮೆರಾಗೆ ಕಣ್ಣು ಹೊಡೆಯುತ್ತಿದ್ದವನು ಇಲ್ಲಿ ಅಳುತ್ತಾನೆ. ಅವನ ಅಳುವನ್ನಷ್ಟೇ ನೆನಪಿಟ್ಟುಕೊಂಡು ಹೊರಬರುವವರು ಜಾಸ್ತಿ. ಅದೇ ಹೊತ್ತಿನಲ್ಲಿ ಲಿಲಿ ಎದ್ದು, ಬಟ್ಟೆ ಸರಿಮಾಡಿಕೊಂಡು, ಮನೆಗೆ ಹೋಗಬೇಕು. ಅವಳಿಗೆ ಅಳಲು ಸಮಯವಿಲ್ಲ. ವಿವಿಯನ್ ಮರ್ಚೆಂಟ್ ಇದಕ್ಕಾಗಿ ಪೋಷಕ ನಟಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಚಿತ್ರಕ್ಕೆ ಸಿಕ್ಕ ಐದು ಆಸ್ಕರ್ ನಾಮನಿರ್ದೇಶನಗಳಲ್ಲಿ ಅದೂ ಒಂದು. ಅತ್ಯುತ್ತಮ ಚಿತ್ರ, ನಟ, ಚಿತ್ರಕಥೆ, ಹಾಡು ಉಳಿದವು. ಒಂದೂ ಸಿಗಲಿಲ್ಲ. ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಸಿಕ್ಕಿತ್ತು.

7. ಸಂಗೀತದ ಬಗ್ಗೆ ಚಿಕ್ಕ ಮಾತು

ಚಿತ್ರದ ಹಿನ್ನೆಲೆ ಸಂಗೀತ ಅಮೆರಿಕದ ಜಾಝ್ ಕಲಾವಿದ ಸಾನಿ ರಾಲಿನ್ಸ್ ಅವರದು. ಆಲ್ಫೀ ನಡೆಯುವಾಗ ಬರುವ ಸ್ಯಾಕ್ಸೊಫೋನ್ ಅವನ ಇನ್ನೊಂದು ನಾಲಿಗೆ ಇದ್ದಂತೆ. 'ಆಲ್ಫೀ' ಹೆಸರಿನ ಆಲ್ಬಂ ಕೇಳಿ "ಸಿನಿಮಾದಲ್ಲಿದ್ದಂತೆ ಇಲ್ಲವಲ್ಲ" ಎನ್ನುವವರಿಗೆ: ಆ ಆಲ್ಬಂ ಅನ್ನು ಆಲಿವರ್ ನೆಲ್ಸನ್ ಸಂಯೋಜನೆಯಲ್ಲಿ ಅಮೆರಿಕದಲ್ಲಿ ಬೇರೆಯಾಗಿ ನುಡಿಸಿದ್ದು.

ಹಾಡಿನ ವಿಷಯವೂ ಗೊಂದಲ. ಬರ್ಟ್ ಬ್ಯಾಕರಾಕ್ ಮತ್ತು ಹಾಲ್ ಡೇವಿಡ್ ಮಾಡಿದ ಶೀರ್ಷಿಕೆ ಗೀತೆಯನ್ನು ಅಮೆರಿಕದ ಪ್ರತಿಯಲ್ಲಿ ಷೇರ್ ಹಾಡಿದ್ದಾರೆ. ಬ್ರಿಟನ್‌ನಲ್ಲಿ ಹೆಸರಾದದ್ದು ಸಿಲ್ಲಾ ಬ್ಲ್ಯಾಕ್ ಹಾಡಿದ ರೆಕಾರ್ಡು. ನಿಮ್ಮ ಪ್ರತಿಯಲ್ಲಿ ಬೇರೆ ದನಿ ಕೇಳಿದರೆ ನಕಲಿ ಎಂದುಕೊಳ್ಳಬೇಡಿ.

8. ಕೆಲವು ದಿನ ಬಿಟ್ಟು 'ಆಲ್ಫೀ ಡಾರ್ಲಿಂಗ್' ನೋಡಿ

ಬಿಡುವು ಬೇಕು ಎಂದದ್ದು ಇದಕ್ಕೆ. ಕೇನ್ ಮುಖ ಮನಸ್ಸಿನಲ್ಲಿ ಹಸಿಯಾಗಿದ್ದರೆ ಅಲನ್ ಪ್ರೈಸ್ ಅವರಿಗೆ ನ್ಯಾಯ ಸಿಗುವುದಿಲ್ಲ. ಪ್ರೈಸ್ ಮೂಲತಃ ಸಂಗೀತಗಾರ, ದ ಆ್ಯನಿಮಲ್ಸ್ ತಂಡದ ಕೀಬೋರ್ಡ್ ವಾದಕ, ಇಂಗ್ಲೆಂಡಿನ ಈಶಾನ್ಯದ ಡರಂ ಕಡೆಯವರು. ಅವರ ಆಲ್ಫೀ ಬೇರೆ ಮನುಷ್ಯ. ಕೇನ್ ಥರ ಮಾಡಲಿಲ್ಲ ಎಂದು ದೂರುವುದು ಈ ಚಿತ್ರ ನೋಡುವವರು ಮಾಡುವ ಮೊದಲ ತಪ್ಪು.

ಇದಕ್ಕೂ ಮೂಲ ಬಿಲ್ ನಾಟನ್ ಅವರ ಕಾದಂಬರಿಯೇ, 1970ರದ್ದು. ಈಗ ಆಲ್ಫೀ ದೊಡ್ಡ ಸರಕು ಲಾರಿ ಓಡಿಸುತ್ತಾನೆ, ಲಂಡನ್ನಿನಿಂದ ಫ್ರಾನ್ಸಿಗೆ. ಜೊತೆಗೆ ಬೇಕಿ (ಪಾಲ್ ಕೋಪ್ಲಿ) ಎಂಬ ಹುಡುಗ. ಬ್ರಿಟನ್ ಯುರೋಪಿನ ಆರ್ಥಿಕ ಒಕ್ಕೂಟ ಸೇರಿದ್ದು 1973ರಲ್ಲಿ. ಕಡಲಾಚೆಗೆ ಲಾರಿ ಓಡಿಸುವವನು ನಾಯಕನಾಗುವುದಕ್ಕೆ ಅದು ಸರಿಯಾದ ಕಾಲ. ದಾರಿಯುದ್ದಕ್ಕೂ ಹೆಂಗಸರು, ಎಂದಿನಂತೆ. ಫೇ ಪಾತ್ರದಲ್ಲಿ ಜೋನ್ ಕಾಲಿನ್ಸ್ ಇದ್ದಾರೆ.

ಮೊದಲಾರ್ಧದಲ್ಲಿ ಹಾಸಿಗೆಯ ಹಾಸ್ಯ ಜಾಸ್ತಿ. ಬಟ್ಟೆ ಬಿಚ್ಚಿಸಿ ನಗಿಸುವುದು 70ರ ದಶಕದ ಬ್ರಿಟಿಷ್ ಹಾಸ್ಯಚಿತ್ರಗಳ ಚಾಳಿ. ನನಗೆ ಆ ಭಾಗ ಇಷ್ಟವಿಲ್ಲ. 1966ರ ಚಿತ್ರದಲ್ಲಿ ಪ್ರತಿ ಹೆಂಗಸಿಗೂ ಒಂದು ಬದುಕಿತ್ತು, ಇಲ್ಲಿ ಕೆಲವರಿಗೆ ಹೆಸರಷ್ಟೇ ಇದೆ. ಆದರೂ ತಾಳಿ. ಅಬ್ಬಿ ಬಂದಮೇಲೆ ಚಿತ್ರದ ನಡೆ ಬದಲಾಗುತ್ತದೆ.

ಅಬ್ಬಿ ಸಮರ್ಸ್ (ಜಿಲ್ ಟೌನ್ಸೆಂಡ್) ಪತ್ರಿಕೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವವಳು. ಸ್ವಂತ ದುಡಿಮೆ, ಸ್ವಂತ ಕಾರು. ಇವನ ಲಾರಿಗೆ ಸರಿಸಾಟಿಯಾಗಿ ರಸ್ತೆಯಲ್ಲಿ ಓಡಿಸುತ್ತಾಳೆ. ಇವನ ಹಳೆಯ ತಂತ್ರ ಯಾವುದೂ ಅವಳ ಮೇಲೆ ನಡೆಯುವುದಿಲ್ಲ. ಈ ಭಾಗ ನೋಡುವಾಗ ಗಿಲ್ಡಾಳನ್ನು ನೆನಪಿಸಿಕೊಳ್ಳಿ. ಗಿಲ್ಡಾಗೆ ಮಗು ಸಾಕಲು ಒಬ್ಬ ಗಂಡಸು ಬೇಕಿತ್ತು, ಅದಕ್ಕೆ ಹಂಫ್ರಿಯನ್ನು ಒಪ್ಪಿದಳು. ಅಬ್ಬಿಗೆ ಆ ಅಗತ್ಯವಿಲ್ಲ. ಬ್ರಿಟನ್‌ನಲ್ಲಿ ಸಮಾನ ವೇತನದ ಕಾನೂನು ಜಾರಿಗೆ ಬಂದದ್ದು 1975ರ ಡಿಸೆಂಬರ್‌ನಲ್ಲಿ, ಚಿತ್ರ ಬಂದ ವರ್ಷವೇ. ಬೇಡ ಎನ್ನಬಲ್ಲ ಹೆಣ್ಣು ಎದುರಿಗೆ ಬಂದಾಗ ಮಾತ್ರ ಆಲ್ಫೀ ಪ್ರೀತಿಗೆ ಬೀಳುತ್ತಾನೆ. ಚಿತ್ರ ಇದನ್ನು ಎಲ್ಲೂ ಒತ್ತಿ ಹೇಳುವುದಿಲ್ಲ, ನೀವೇ ಗಮನಿಸಬೇಕು.

ಅವನು ಮದುವೆಯ ಮಾತೆತ್ತುತ್ತಾನೆ. ಹಿಂದಿನ ಚಿತ್ರದಲ್ಲಿ ಗಿಲ್ಡಾಗೆ ಕೊಡಲಾಗದ ಮಾತು ಅದು. ಆಮೇಲೆ ಅಬ್ಬಿ ವಿಮಾನ ದುರಂತದಲ್ಲಿ ಸಾಯುತ್ತಾಳೆ.

ಈ ಕೊನೆಯ ಬಗ್ಗೆ ನನಗೆ ತಕರಾರು ಇದೆ. ಪ್ರೀತಿ ಹುಟ್ಟುವುದು ದೊಡ್ಡ ವಿಷಯವಲ್ಲ, ಬೆಳಗ್ಗೆದ್ದು ಪಾತ್ರೆ ತೊಳೆಯುವ ಮನೆಯಲ್ಲಿ ಅದು ಉಳಿಯುತ್ತದೆಯೇ ಎಂಬುದು ವಿಷಯ. ಹಂಫ್ರಿ ಪಾಸಾದದ್ದು ಆ ಪರೀಕ್ಷೆಯಲ್ಲಿ. ಆಲ್ಫೀಗೆ ಆ ಪರೀಕ್ಷೆ ಬರುವ ಮೊದಲೇ ವಿಮಾನ ಬಿದ್ದುಹೋಗುತ್ತದೆ. ಅವನು ನಿಜವಾಗಿ ಬದಲಾಗಿದ್ದನೇ? ನೋಡಿದವರು ಎರಡು ಪಂಗಡವಾಗಿ ವಾದಿಸುತ್ತಾರೆ. ನಾನು ಬದಲಾಗಿದ್ದ ಎನ್ನುವ ಕಡೆ, ಆದರೆ ಅದನ್ನು ತೋರಿಸುವ ಕಷ್ಟವನ್ನು ಚಿತ್ರ ತೆಗೆದುಕೊಳ್ಳಲಿಲ್ಲ. ನೀವು ನೋಡಿ ನಿಮ್ಮ ಪಕ್ಷ ಆರಿಸಿಕೊಳ್ಳಿ.

9. ಗೆಳೆಯರ ಜೊತೆ ನೋಡುವುದಾದರೆ

ಮನೆಯಲ್ಲಿ ನಾಲ್ಕು ಜನ ಕೂತು ನೋಡಿದರೆ ತೊಂದರೆಯಿಲ್ಲ. ಫಿಲಂ ಕ್ಲಬ್ ಅಥವಾ ಸಂಘದಲ್ಲಿ ತೋರಿಸುವುದಾದರೆ ಹಕ್ಕುದಾರರ ಅನುಮತಿ ಬೇಕು. ಕೊಂಡ ಡಿಸ್ಕ್ ಸ್ವಂತ ಬಳಕೆಗೆ ಮಾತ್ರ. ಟಿಕೆಟ್ ಇಟ್ಟಿಲ್ಲ, ಆದ್ದರಿಂದ ಪರವಾಗಿಲ್ಲ ಎನ್ನುವುದು ತಪ್ಪು ತಿಳಿವಳಿಕೆ.

ಚರ್ಚೆಗೆ "ಆಲ್ಫೀ ಒಳ್ಳೆಯವನೋ ಕೆಟ್ಟವನೋ" ಎಂದು ಶುರುಮಾಡಬೇಡಿ. ಐದು ನಿಮಿಷದಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಆಗಿಬಿಡುತ್ತಾರೆ. ಅದರ ಬದಲು ಒಬ್ಬೊಬ್ಬರಿಗೂ ಒಂದೊಂದು ಹೆಂಗಸಿನ ಪಾತ್ರ ಹಂಚಿ. ಲಿಲಿ ಮನೆಗೆ ಹೋದಮೇಲೆ ಹ್ಯಾರಿಗೆ ಏನು ಹೇಳಿರಬಹುದು? ಗಿಲ್ಡಾ ಹಂಫ್ರಿಯನ್ನು ಪ್ರೀತಿಸಲು ಕಲಿತಳೇ? ರೂಬಿಯ ಮೇಲೆ ನಿಮಗೆ ಸಿಟ್ಟು ಬಂತೇ, ಬಂದಿದ್ದರೆ ಆಲ್ಫೀ ಮೇಲೆ ಯಾಕೆ ಅಷ್ಟು ಬರಲಿಲ್ಲ? ಇಂಥ ಪ್ರಶ್ನೆ ಕೇಳಿದರೆ ಮಾತು ಬೆಳೆಯುತ್ತದೆ.

10. 2004ರದ್ದು ನೋಡಲೇಬೇಕೇ?

ಕಡ್ಡಾಯವಲ್ಲ. ಚಾರ್ಲ್ಸ್ ಶೈಯರ್ ನಿರ್ದೇಶಿಸಿದ ಈ ಚಿತ್ರದಲ್ಲಿ ಆಲ್ಫೀ ನ್ಯೂಯಾರ್ಕಿನಲ್ಲಿ ಲಿಮೊಸಿನ್ ಓಡಿಸುವ ಇಂಗ್ಲಿಷಿನವನು. ಕಥೆ ನ್ಯೂಯಾರ್ಕಿನದಾದರೂ ಹಲವು ಬೀದಿಗಳು ಇಂಗ್ಲೆಂಡಿನ ಮ್ಯಾಂಚೆಸ್ಟರ್, ಲಿವರ್‌ಪೂಲ್‌ನಂಥ ಊರುಗಳವು. ರೂಬಿಯ ಜಾಗದಲ್ಲಿ ಲಿಜ್, ಪಾತ್ರ ಸೂಸನ್ ಸಾರಂಡನ್ ಅವರದು. ಲಿಲಿಯ ಜಾಗದಲ್ಲಿ ಲೊನೆಟ್ (ನಿಯಾ ಲಾಂಗ್), ಆಲ್ಫೀಯ ಆಪ್ತ ಗೆಳೆಯನ ಹುಡುಗಿ. ಇಲ್ಲಿ ಒಂದು ದೊಡ್ಡ ಬದಲಾವಣೆ ಇದೆ: ಲೊನೆಟ್ ಮಗುವನ್ನು ಉಳಿಸಿಕೊಳ್ಳುತ್ತಾಳೆ. ಪೂರ್ತಿ ನೋಡುವ ಮನಸ್ಸಿಲ್ಲದಿದ್ದರೆ ಅವಳ ಕಥೆಯ ಭಾಗವನ್ನಾದರೂ ನೋಡಿ, 1966ರ ಲಿಲಿಯ ಪಕ್ಕದಲ್ಲಿಟ್ಟು. ಮೈಕಲ್ ಕೇನ್ ಅಭಿಮಾನಿಗಳಿಗೆ ನನ್ನ ಸಲಹೆ ಬೇರೆ. 2004ರದ್ದನ್ನು ಬಿಟ್ಟು, ಇದೇ ಲೂಯಿಸ್ ಗಿಲ್ಬರ್ಟ್ ಅದೇ ಕೇನ್ ಜೊತೆ 1983ರಲ್ಲಿ ತೆಗೆದ 'ಎಜುಕೇಟಿಂಗ್ ರೀಟಾ' ನೋಡಿ. ಅಲ್ಲಿ ಕೇನ್ ಕುಡುಕ ಪ್ರಾಧ್ಯಾಪಕ, ಕಲಿಯಲು ಬರುವ ರೀಟಾಳದೇ ಮೇಲುಗೈ.